ಕುಡುಗೋಲು ಕಣವನ್ನು ಮೊದಲು ಕಂಡವರು ಯಾರು? ಗೋಡೆ ಪತ್ರಿಕೆಗೆ ಯಾರ ಹೆಸರು ಬರೆಯಲಿ?

ಕಬಿನಿ ಹಿನ್ನೀರು
ಎಲ್ಲರಿಗೂ ನಮಸ್ಕಾರ. ನಾನು ಎಚ್.ಡಿ. ಕೋಟೆ ತಾಲ್ಲೂಕಿನ ಪ್ರೌಢಶಾಲೆಯೊಂದರಲ್ಲಿ ವಿಜ್ಞಾನ ಕಲಿಸುತ್ತೇನೆ. ಜೂನ್ 19 ವಿಶ್ವ ಸಿಕಲ್ ಸೆಲ್ ದಿನ. ಸಿಕಲ್ ಸೆಲ್ ಅಂದರೆ ಕುಡುಗೋಲು ಕಣ, ದುಂಡಗಿರಬೇಕಾದ ಕೆಂಪು ರಕ್ತಕಣ ಕುಡುಗೋಲಿನಂತೆ ಬಾಗುವ, ವಂಶದಲ್ಲಿ ಹರಿಯುವ ಕಾಯಿಲೆ. ಅದಕ್ಕೆಂದು ಮಕ್ಕಳ ಜೊತೆ ಗೋಡೆ ಪತ್ರಿಕೆ ಸಿದ್ಧಪಡಿಸುತ್ತಿದ್ದೇನೆ. ನಮ್ಮ ಶಾಲೆಗೆ ಬುಡಕಟ್ಟು ಜನರ ಹಾಡಿಗಳಿಂದ ಬರುವ ಮಕ್ಕಳು ಹೆಚ್ಚು. ಕೆಲವರ ಮನೆಯಲ್ಲಿ ಈ ಕಾಯಿಲೆ ಇದೆ, ಕೈಕಾಲು ನೋವಿನಿಂದ ವಾರಗಟ್ಟಲೆ ಶಾಲೆ ತಪ್ಪಿಸುವವರೂ ಇದ್ದಾರೆ.

ಮೊನ್ನೆ ಕಪ್ಪು ಹಲಗೆಯ ಮೇಲೆ "1910ರಲ್ಲಿ ಅಮೆರಿಕದ ವೈದ್ಯ ಜೇಮ್ಸ್ ಹೆರಿಕ್ ಈ ರೋಗವನ್ನು ಕಂಡುಹಿಡಿದರು" ಎಂದು ಬರೆದೆ. ಒಂಬತ್ತನೇ ತರಗತಿಯ ಹುಡುಗಿ ಎದ್ದು ನಿಂತು, "ಮಿಸ್, ನೋಡಿದ ಡಾಕ್ಟರ ಹೆಸರಿದೆ. ರಕ್ತ ಕೊಟ್ಟವರ ಹೆಸರು ಯಾಕಿಲ್ಲ?" ಎಂದು ಕೇಳಿದಳು. ನನಗೆ ಉತ್ತರ ಗೊತ್ತಿರಲಿಲ್ಲ. ತಿಳಿದವರು ಹೇಳಿ. ಹೆರಿಕ್ ಒಬ್ಬರ ಹೆಸರು ಬರೆದರೆ ಸಾಕೇ?

ಮಿಚಿಗನ್ ಮಲೆನಾಡಿಗ
ಹೆಸರು ಇದೆ ಮೇಡಂ. ವಾಲ್ಟರ್ ಕ್ಲೆಮೆಂಟ್ ನೋಯೆಲ್. ಕೆರಿಬಿಯನ್ ಸಮುದ್ರದ ಗ್ರೆನಡಾ ದ್ವೀಪದವರು. 1904ರಲ್ಲಿ ದಂತವೈದ್ಯಕೀಯ ಓದಲು ಶಿಕಾಗೋಗೆ ಬಂದಾಗ ಇಪ್ಪತ್ತರ ಹುಡುಗ. ಆ ಡಿಸೆಂಬರ್ ಕೊನೆಯಲ್ಲಿ ಕೆಮ್ಮು, ಜ್ವರ, ತಲೆಸುತ್ತು ಎಂದು ಅಲ್ಲಿನ ಪ್ರೆಸ್ಬಿಟೇರಿಯನ್ ಆಸ್ಪತ್ರೆಗೆ ಸೇರಿದರು. ಕಾಲುಗಳ ಮೇಲೆ ಹುಣ್ಣು ಮಾಗಿದ ಕಲೆಗಳಿದ್ದವು. ದ್ವೀಪದ ಬಿಸಿಲಲ್ಲಿ ಬೆಳೆದ ಹುಡುಗ ಶಿಕಾಗೋದ ಮೊದಲ ಚಳಿಗೆ ಸಿಕ್ಕಿದ್ದ ಹೊತ್ತು ಅದು. ಚಳಿ ಈ ರೋಗಿಗಳಿಗೆ ಎಷ್ಟು ಕಷ್ಟ ಎಂಬುದು ಈಗ ಎಲ್ಲರಿಗೂ ಗೊತ್ತು.

ಅವರ ರಕ್ತವನ್ನು ಸೂಕ್ಷ್ಮದರ್ಶಕದ ಕೆಳಗೆ ಮೊದಲು ನೋಡಿದವರು ಅರ್ನೆಸ್ಟ್ ಐರನ್ಸ್ ಎಂಬ ಇಂಟರ್ನ್. ದುಂಡಗಿರಬೇಕಾದ ಕೆಂಪು ಕಣಗಳ ನಡುವೆ ಉದ್ದನೆಯವು, ಕುಡುಗೋಲಿನಂತೆ ಬಾಗಿದವು ಕಂಡವು. ಐರನ್ಸ್ ಅದನ್ನು ತನ್ನ ಮೇಲಿನ ವೈದ್ಯರಾದ ಹೆರಿಕ್‌ಗೆ ತೋರಿಸಿದರು. ಮುಂದಿನ ಎರಡೂವರೆ ವರ್ಷ ನೋಯೆಲ್ ಕಾಯಿಲೆ ಬಿದ್ದಾಗಲೆಲ್ಲ ಹೆಚ್ಚಾಗಿ ನೋಡಿಕೊಂಡವರೂ ಐರನ್ಸ್. 1910ರಲ್ಲಿ ಹೆರಿಕ್ ಲೇಖನ ಪ್ರಕಟಿಸಿದಾಗ ಲೇಖಕರ ಜಾಗದಲ್ಲಿ ಇದ್ದದ್ದು ಅವರೊಬ್ಬರ ಹೆಸರು.

ನೋಯೆಲ್ ಆ ನೋವುಗಳ ನಡುವೆಯೇ ಪರೀಕ್ಷೆ ಬರೆದು, ಸಹಪಾಠಿಗಳ ಜೊತೆಗೆ 1907ರಲ್ಲಿ ಪದವಿ ಪಡೆದರು. ಊರಿಗೆ ಮರಳಿ ಗ್ರೆನಡಾದ ರಾಜಧಾನಿ ಸೇಂಟ್ ಜಾರ್ಜಸ್‌ನಲ್ಲಿ ದಂತವೈದ್ಯರಾಗಿ ಕೆಲಸ ಮಾಡಿದರು. 1916ರಲ್ಲಿ, 32ನೇ ವಯಸ್ಸಿನಲ್ಲಿ, ಶ್ವಾಸಕೋಶದ ತೊಂದರೆಯಿಂದ ತೀರಿಕೊಂಡರು. ಅವರ ಬದುಕಿನ ಕಥೆಯನ್ನು ಟಾಡ್ ಸವಿಟ್ ಮತ್ತು ಮಾರ್ಟನ್ ಗೋಲ್ಡ್‌ಬರ್ಗ್ ಎಂಬಿಬ್ಬರು ಹುಡುಕಿ ತೆಗೆದು ಬರೆದದ್ದು 1989ರಲ್ಲಿ. ಅಲ್ಲಿಯವರೆಗೆ ವೈದ್ಯಕೀಯ ಲೋಕಕ್ಕೆ ಅವರು "ಇಪ್ಪತ್ತು ವರ್ಷದ ಒಬ್ಬ ನೀಗ್ರೋ ವಿದ್ಯಾರ್ಥಿ" ಮಾತ್ರ.

ಅರಳೀಕಟ್ಟೆ
ಎಪ್ಪತ್ತೊಂಬತ್ತು ವರ್ಷ! ಪ್ರಶ್ನೆ ಕೇಳಿದ ಹುಡುಗಿಗೆ ನನ್ನ ನಮಸ್ಕಾರ ತಿಳಿಸಿ.

ಮಕ್ಕಳ ವಾರ್ಡ್
ಹುಡುಗಿಯ ಪ್ರಶ್ನೆ ಒಳ್ಳೆಯದು. ಆದರೆ ಇಲ್ಲಿ ಒಂದು ಮಾತು ಹೇಳಲೇಬೇಕು. ನಾನು ಮಕ್ಕಳ ವೈದ್ಯೆ. ರೋಗಿಯ ಹೆಸರನ್ನು ಲೇಖನದಲ್ಲಿ ಹಾಕದಿರುವುದು ನಮ್ಮ ವೃತ್ತಿಯ ಧರ್ಮ, ಅದನ್ನು ಅವಮಾನ ಎಂದು ಓದಬೇಡಿ. ಹೆರಿಕ್ ಹೆಸರು ಮುಚ್ಚಿಟ್ಟದ್ದು ತಪ್ಪಲ್ಲ. ಐರನ್ಸ್ ಹೆಸರನ್ನು ಮೇಲೆ ಹಾಕದಿದ್ದದ್ದು ಬೇರೆ ವಿಷಯ.

ಹೆರಿಕ್ ಬಗ್ಗೆಯೂ ನ್ಯಾಯವಾಗಿ ಮಾತನಾಡೋಣ. ಆರು ವರ್ಷ ಕಾದರು. ಕರುಳಿನ ಹುಳುವೇ, ಸಿಫಿಲಿಸ್ಸೇ ಎಂದು ಒಂದೊಂದನ್ನೂ ಯೋಚಿಸಿ ನೋಡಿದರು. ಕೊನೆಗೆ "ಇದೇ ರೋಗ" ಎಂದು ಘೋಷಿಸದೆ, ಕಣದ ರಚನೆಯಲ್ಲಿಯೇ ಏನೋ ಬದಲಾವಣೆ ಇರಬಹುದು, ಇಂಥ ಇನ್ನಷ್ಟು ರೋಗಿಗಳು ಸಿಕ್ಕರೆ ಗೊತ್ತಾದೀತು ಎಂದು ಬರೆದು ನಿಲ್ಲಿಸಿದರು. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದು ಬರೆಯುವ ಧೈರ್ಯ ಎಷ್ಟು ವೈದ್ಯರಿಗಿದೆ? ಹೃದಯಾಘಾತದ ಬಗ್ಗೆ 1912ರಲ್ಲಿ ದೊಡ್ಡ ಲೇಖನ ಬರೆದವರೂ ಇದೇ ಹೆರಿಕ್. ಅವರನ್ನು ಸುಮ್ಮನೆ ಖಳನಾಯಕ ಮಾಡಬೇಡಿ.

ಅರಳೀಕಟ್ಟೆ
ಖಳನಾಯಕ ಎಂದು ನಾನು ಹೇಳಲಿಲ್ಲ ಡಾಕ್ಟರೇ. ಆದರೆ "ಕಂಡುಹಿಡಿದರು" ಎಂಬ ಮಾತೇ ನನಗೆ ಒಪ್ಪಿಗೆಯಿಲ್ಲ. ಆಫ್ರಿಕಾದ ಜನರಿಗೆ ಈ ಕಾಯಿಲೆ ನೂರಾರು ವರ್ಷಗಳಿಂದ ಗೊತ್ತಿತ್ತು. ಘಾನಾದ ವೈದ್ಯ ಫೆಲಿಕ್ಸ್ ಕೊನೊಟೆ-ಅಹುಲು ತಮ್ಮ ಮನೆತನದಲ್ಲಿಯೇ ಈ ರೋಗದ ಜಾಡನ್ನು 1670ರವರೆಗೆ ಹಿಂದಕ್ಕೆ ಹಿಡಿದು ತೋರಿಸಿದ್ದಾರೆ. ಅಲ್ಲಿನ ಒಂದೊಂದು ಭಾಷೆಯಲ್ಲೂ ಇದಕ್ಕೆ ಬೇರೆ ಬೇರೆ ಹೆಸರಿದೆ. ಗಾ ಭಾಷೆಯಲ್ಲಿ "ಚ್ವೆಚ್ವೀಚ್ವೆ", ಫಾಂಟೆಯಲ್ಲಿ "ನ್ವೀವೀ" ಎಂಬಂಥ ಪದಗಳು. ಒಂದೇ ಸದ್ದು ಮತ್ತೆ ಮತ್ತೆ ಬರುತ್ತದೆ, ಬಿಟ್ಟುಬಿಟ್ಟು ಬರುವ ಮೂಳೆನೋವಿನ ಹಾಗೆ. ನಮ್ಮಲ್ಲಿ ನೋವಿಗೆ "ಚುಳುಕು ಚುಳುಕು", "ಪಟಪಟ" ಎನ್ನುವುದಿಲ್ಲವೇ, ಅದೇ ರೀತಿ.

ಹೆಸರಿಟ್ಟು, ಯಾವ ಮನೆಯಲ್ಲಿ ಬರುತ್ತದೆ ಎಂದು ಗುರುತಿಸಿದವರು ಕಂಡಿರಲಿಲ್ಲ, ಗಾಜಿನಲ್ಲಿ ನೋಡಿದವರು ಮಾತ್ರ ಕಂಡರು ಎಂದರೆ ಹೇಗೆ?

ಸೋಸಿದ ಮಾತು
ಇದರಲ್ಲಿ ಎರಡು ವಿಷಯ ಬೆರೆತಿವೆ. ನೋವು ಗೊತ್ತಿರುವುದು ಒಂದು, ನೋವಿನ ಹಿಂದಿನ ಕಣ ಗೊತ್ತಾಗುವುದು ಇನ್ನೊಂದು. ಕೀಲುನೋವು, ಜ್ವರ, ಮಕ್ಕಳ ಸಾವು ಹತ್ತು ಕಾಯಿಲೆಗಳಲ್ಲಿ ಬರುತ್ತವೆ. ನೈಜೀರಿಯಾದಲ್ಲಿ ಹುಟ್ಟಿ ಸತ್ತು ಮತ್ತೆ ಹುಟ್ಟುವ ಮಗು ಎಂಬ ನಂಬಿಕೆ ಇದೆ, ಯೊರುಬಾ ಜನ "ಅಬಿಕು" ಎನ್ನುತ್ತಾರೆ. ಅದನ್ನೂ ಕೆಲವರು ಸಿಕಲ್ ಸೆಲ್‌ಗೆ ಜೋಡಿಸುತ್ತಾರೆ. ಆದರೆ ಮಲೇರಿಯ, ಭೇದಿ ಎಲ್ಲವೂ ಇದ್ದ ಊರಿನಲ್ಲಿ ಸತ್ತ ಪ್ರತಿಯೊಂದು ಮಗುವಿಗೂ ಇದೇ ಕಾರಣ ಎನ್ನುವುದು ದುಡುಕು.

ಅಮೆರಿಕದಲ್ಲಿ 1846ರ ಒಂದು ವರದಿಯೂ ಇದೆ. ಗಲ್ಲಿಗೇರಿಸಿದ ಒಬ್ಬ ಗುಲಾಮನ ಶವ ಕೊಯ್ದಾಗ ಗುಲ್ಮವೇ (ಹೊಟ್ಟೆಯ ಎಡಗಡೆ ಇರುವ, ರಕ್ತ ಸೋಸುವ ಅಂಗ) ಇರಲಿಲ್ಲವಂತೆ. ಈ ರೋಗದಲ್ಲಿ ಗುಲ್ಮ ಸುರುಟಿ ಹೋಗುವುದು ನಿಜ. ಹಾಗೆಂದು ಅದನ್ನೇ ಮೊದಲ ಪ್ರಕರಣ ಎನ್ನಲಾಗದು.

ಅರಳೀಕಟ್ಟೆ
ಅಬಿಕು ವಿಷಯ ಬಿಡೋಣ, ಒಪ್ಪುತ್ತೇನೆ. ಕೊನೊಟೆ-ಅಹುಲು ಅವರ ವಂಶಾವಳಿಯನ್ನು ಬಿಡುವುದಿಲ್ಲ. ಅದು ಪೀಳಿಗೆ ಪೀಳಿಗೆಗೆ ಹೆಸರು ಹಿಡಿದು ಮಾಡಿದ ಕೆಲಸ.

ಪದಕೋಶ
ಚರ್ಚೆಯ ನಡುವೆ ಒಂದು ಪದದ ವಿಚಾರ. ಕೆಲವು ಕರಪತ್ರಗಳಲ್ಲಿ "ಕುಡಗೋಲು ರಕ್ತಹೀನತೆ", ಕೆಲವದರಲ್ಲಿ "ಕುಡುಗೋಲು ಕಣ ರೋಗ", ಇನ್ನು ಕೆಲವದರಲ್ಲಿ "ಸಿಕಲ್ ಸೆಲ್ ಅನೀಮಿಯ". ಮಕ್ಕಳ ಗೋಡೆ ಪತ್ರಿಕೆಗೆ "ಕುಡುಗೋಲು ಕಣ ರೋಗ" ಒಳ್ಳೆಯದು. ಇದು ಬರೀ ರಕ್ತಹೀನತೆ ಅಲ್ಲವಲ್ಲ.

ಕಬಿನಿ ಹಿನ್ನೀರು
ನಮ್ಮ ಮಕ್ಕಳು "ಕುಡ್ಲು" ಎನ್ನುತ್ತಾರೆ ಸರ್. ರಾಗಿ ಕೊಯ್ಯುವ ಕುಡ್ಲು ಎಲ್ಲರ ಮನೆಯಲ್ಲೂ ಇದೆ. ಒಬ್ಬ ಹುಡುಗ ನಿಜವಾದ ಕುಡ್ಲನ್ನೇ ಕಾಗದದ ಮೇಲಿಟ್ಟು ಸುತ್ತ ಪೆನ್ಸಿಲ್ ಎಳೆದಿದ್ದಾನೆ. ಚಿತ್ರ ಬಹಳ ಚೆನ್ನಾಗಿ ಬಂದಿದೆ.

ಗಾಜಿನ ಪಟ್ಟಿ
ನಾನು ಮೂವತ್ತೊಂದು ವರ್ಷ ಪ್ರಯೋಗಾಲಯದ ತಂತ್ರಜ್ಞನಾಗಿದ್ದೆ, ಈಗ ನಿವೃತ್ತ. ಹೆರಿಕ್ ನಂತರ ಏನಾಯಿತು ಎಂಬುದನ್ನು ನಾನು ಹೇಳುತ್ತೇನೆ, ಏಕೆಂದರೆ ಅದು ನಮ್ಮಂಥವರ ಕೈಕೆಲಸದ ಕಥೆ.

1911ರಲ್ಲಿ ವರ್ಜೀನಿಯಾದಲ್ಲಿ ಎರಡನೆಯ ರೋಗಿಯ ವರದಿ ಬಂತು. 1915ರಲ್ಲಿ ಸೇಂಟ್ ಲೂಯಿಸ್‌ನಿಂದ ಮೂರನೆಯದು. ಆ ಮೂರನೆಯ ರೋಗಿಯ ರಕ್ತವನ್ನು ವಿಕ್ಟರ್ ಎಮ್ಮೆಲ್ ಎಂಬವರು ತೆಗೆದುಕೊಂಡು 1917ರಲ್ಲಿ ಒಂದು ಸರಳ ಪ್ರಯೋಗ ಪ್ರಕಟಿಸಿದರು. ಒಂದು ಹನಿ ರಕ್ತ, ಮೇಲೆ ತೆಳು ಗಾಜು, ಗಾಳಿಯಾಡದಂತೆ ಅಂಚನ್ನು ಮುಚ್ಚುವುದು. ಅಷ್ಟೇ. ಗಂಟೆಗಟ್ಟಲೆ ಕಾದರೆ ಕಣಗಳು ಒಂದೊಂದಾಗಿ ಬಾಗುತ್ತವೆ. ರೋಗಿಯ ತಂದೆಗೆ ಕಾಯಿಲೆಯೇ ಇರಲಿಲ್ಲ, ಹೊಸ ರಕ್ತದಲ್ಲಿ ಕಣಗಳು ದುಂಡಗೇ ಇದ್ದವು. ಮುಚ್ಚಿಟ್ಟ ಹನಿಯಲ್ಲಿ ಅವರ ಕಣಗಳೂ ಬಾಗಿದವು! ಇದು ಮನೆತನದಲ್ಲಿ ಹರಿಯುತ್ತದೆ ಎಂಬ ಮೊದಲ ಸುಳಿವು ಅಲ್ಲಿ ಸಿಕ್ಕಿತು.

ಈ ಪರೀಕ್ಷೆಯನ್ನು ನಾನೇ ಎಷ್ಟೋ ಸಲ ಮಾಡಿದ್ದೇನೆ. ಬೆಂಕಿಕಡ್ಡಿಯ ತುದಿಯಲ್ಲಿ ವ್ಯಾಸಲೀನ್ ತೆಗೆದುಕೊಂಡು ಗಾಜಿನ ನಾಲ್ಕೂ ಅಂಚಿಗೆ ಸವರಬೇಕು. ಕೈ ನಡುಗಿದರೆ ಒಳಗೆ ಗಾಳಿಗುಳ್ಳೆ ಸೇರಿ ಕೆಲಸ ಕೆಡುತ್ತದೆ. ಮೊದಲು ನೋಡಿದಾಗ ಎಲ್ಲವೂ ನಾಣ್ಯದಂತೆ ದುಂಡು. ಚಹಾ ಕುಡಿದು ಬಂದು ನೋಡಿದರೆ ಅಂಚು ಮುರುಟಿದ ಒಂದೆರಡು. ಮಧ್ಯಾಹ್ನದ ಹೊತ್ತಿಗೆ ಎರಡೂ ತುದಿ ಚೂಪಾಗಿ, ಓಟ್ಸ್ ಕಾಳಿನ ಹಾಗೆ ಕೆಲವು, ಬಾಳೆಹಣ್ಣಿನ ಹಾಗೆ ಕೆಲವು. ಮೊದಲ ಸಲ ನೋಡಿದಾಗ ನನ್ನ ಮೈ ಜುಮ್ಮೆಂದಿತ್ತು.

ಆಮೇಲೆ 1927ರಲ್ಲಿ ಇಂಡಿಯಾನಾದ ಹಾನ್ ಮತ್ತು ಗಿಲೆಸ್ಪಿ ಕಾರಣವನ್ನು ಹಿಡಿದರು. ಆಮ್ಲಜನಕ ತೆಗೆದರೆ ಬಾಗುತ್ತವೆ, ಮತ್ತೆ ಕೊಟ್ಟರೆ ದುಂಡಗಾಗುತ್ತವೆ. ಇಷ್ಟು ತಿಳಿಯಲು ಎಮ್ಮೆಲ್ ನಂತರ ಹತ್ತು ವರ್ಷ ಬೇಕಾಯಿತು.

ಸೋಸಿದ ಮಾತು
ಇಂಥ ಬರಹ ಓದಲೆಂದೇ ನಾನು ಇಲ್ಲಿಗೆ ಬರುವುದು. ಧನ್ಯವಾದ ಸರ್.

ಮಿಚಿಗನ್ ಮಲೆನಾಡಿಗ
ಈ ನಡುವೆ ಒಂದು ಅನ್ಯಾಯವೂ ನಡೆಯಿತು. 1922ರಲ್ಲಿ ಜಾನ್ಸ್ ಹಾಪ್ಕಿನ್ಸ್‌ನ ವರ್ನ್ ಮೇಸನ್ ನಾಲ್ಕನೆಯ ರೋಗಿಯ ವರದಿ ಮಾಡಿ "ಸಿಕಲ್ ಸೆಲ್ ಅನೀಮಿಯ" ಎಂಬ ಹೆಸರು ಕೊಟ್ಟರು. ಅದುವರೆಗಿನ ರೋಗಿಗಳೆಲ್ಲರೂ ಕಪ್ಪು ಜನ ಎಂದೂ ಬರೆದರು. ನಾಲ್ಕೇ ನಾಲ್ಕು ಜನರನ್ನು ನೋಡಿ ಹುಟ್ಟಿದ ಆ ಮಾತು ದಶಕಗಳ ಕಾಲ ಕಲ್ಲಿನಲ್ಲಿ ಕೊರೆದಂತೆ ನಿಂತುಬಿಟ್ಟಿತು. 1923ರಲ್ಲಿ ಟಾಲಿಯಾಫೆರೊ ಮತ್ತು ಹಕ್ ಇದು ಪ್ರಬಲ ಗುಣದಂತೆ ಹರಿಯುತ್ತದೆ ಎಂದರು, ಅಂದರೆ ತಂದೆ ತಾಯಿಯಲ್ಲಿ ಒಬ್ಬರಿಂದ ಬಂದರೂ ಸಾಕು ಎಂದು. ಇವೆರಡೂ ಸೇರಿದ ಮೇಲೆ ಕೇಳಬೇಕೇ? ಬಿಳಿಯರಲ್ಲಿ ಯಾರಿಗಾದರೂ ಈ ಕಣ ಕಂಡರೆ ಅವರ ವಂಶದಲ್ಲಿ ಗುಟ್ಟಾಗಿ ಕಪ್ಪು ರಕ್ತ ಬೆರೆತಿದೆ ಎಂದು ಅನುಮಾನಿಸುವ ವೈದ್ಯರು ಹುಟ್ಟಿಕೊಂಡರು. 1929ರಲ್ಲಿ ಕೂಲಿ ಮತ್ತು ಲೀ ಒಂದು ಗ್ರೀಕ್ ಕುಟುಂಬದಲ್ಲಿ ಇದನ್ನು ತೋರಿಸಿದ ಮೇಲೂ ಆ ಹಟ ಹೋಗಲಿಲ್ಲ.

ಅರಳೀಕಟ್ಟೆ
ಒಂದು ಕಣದ ಆಕಾರವನ್ನು ಹಿಡಿದುಕೊಂಡು ಜಾತಿ ಕೇಳುವ ಕೆಲಸ! ನಮಗೆ ಇದು ಹೊಸದಲ್ಲ ಬಿಡಿ.

ನೀಲಗಿರಿ ತಪ್ಪಲು
ಇಲ್ಲಿಯೇ ನಮ್ಮ ಕಡೆಯ ಕೊಂಡಿ ಇದೆ, ಯಾರೂ ಹೇಳಲಿಲ್ಲವಾದ್ದರಿಂದ ಬರೆಯುತ್ತೇನೆ. ನಾನು ಗುಂಡ್ಲುಪೇಟೆಯವನು, ತಾಯಿಯ ತವರು ಗೂಡಲೂರು ಕಡೆ.

1952ರಲ್ಲಿ ಹರ್ಮನ್ ಲೆಹ್‌ಮನ್ ಮತ್ತು ಮೇರಿ ಕಟ್‌ಬುಷ್ ನೀಲಗಿರಿಯ ಬುಡಕಟ್ಟುಗಳ ರಕ್ತ ಪರೀಕ್ಷಿಸಿ ದಕ್ಷಿಣ ಭಾರತದಲ್ಲಿ ಈ ಗುಣ ಇದೆ ಎಂದು ಪ್ರಕಟಿಸಿದರು. ಅದೇ ವರ್ಷ ಅಸ್ಸಾಮಿನ ಮೇಲ್ಭಾಗದ ಚಹಾ ತೋಟದ ಕೂಲಿಗಳಲ್ಲಿಯೂ ಇದೆ ಎಂದು ಡನ್‌ಲಪ್ ಮತ್ತು ಮಜುಂದಾರ್ ವರದಿ ಮಾಡಿದರು. ಮೇಸನ್ ಹೆಸರಿಟ್ಟ ಮೂವತ್ತು ವರ್ಷಕ್ಕೆ ನಮ್ಮವರ ರಕ್ತವನ್ನು ಯಾರೋ ನೋಡಿದರು! ಅಷ್ಟು ದಿನ ಈ ಕಾಡಿನ ಮಕ್ಕಳು ಯಾವ ಕಾಯಿಲೆಯಿಂದ ಸತ್ತರು ಎಂದು ಬರೆದಿಟ್ಟರೋ ದೇವರಿಗೇ ಗೊತ್ತು.

ಲೆಹ್‌ಮನ್ ಹಿಟ್ಲರನ ಜರ್ಮನಿಯಿಂದ ಪಾರಾಗಿ ಇಂಗ್ಲೆಂಡಿಗೆ ಬಂದ ಯೆಹೂದಿ. ಯುದ್ಧಕಾಲದಲ್ಲಿ ಬ್ರಿಟಿಷ್ ಸೈನ್ಯದ ವೈದ್ಯರಾಗಿ ಭಾರತದಲ್ಲಿದ್ದು ರಕ್ತಹೀನತೆಯನ್ನು ಅಭ್ಯಾಸ ಮಾಡಿದವರು. ಇರುಳರು, ಪಣಿಯರು, ಕುರುಂಬರು ಇರುವ ಆ ಕಾಡಿಗೂ ಎಚ್.ಡಿ. ಕೋಟೆಯ ಜೇನು ಕುರುಬರ ಹಾಡಿಗಳಿಗೂ ನಡುವೆ ಇರುವುದು ರಾಜ್ಯದ ಗಡಿಯ ಗೆರೆ ಮಾತ್ರ. ಆನೆ ದಾಟುತ್ತದೆ, ಸೊಳ್ಳೆ ದಾಟುತ್ತದೆ, ಜನರೂ ದಾಟುತ್ತಿದ್ದರು.

ಸೋಸಿದ ಮಾತು
ಲೆಹ್‌ಮನ್ ಕೆಲಸ ದೊಡ್ಡದು. ಆದರೆ ಅದರ ಬೆನ್ನಿಗೇ ಅವರು ಕಟ್ಟಿದ ವಾದವನ್ನೂ ಹೇಳಿ. "ವೆಡ್ಡಾಯ್ಡ್" ಎಂಬ ಒಂದು ಹಳೆಯ ಜನಾಂಗವನ್ನು ಕಲ್ಪಿಸಿಕೊಂಡು, ಆ ಜನರ ಮೂಲಕ ಈ ಗುಣ ಏಷ್ಯಾದಿಂದ ಆಫ್ರಿಕಾಕ್ಕೆ ಹೋಗಿರಬಹುದು ಎಂದರು. ಜನಾಂಗದ ಲೆಕ್ಕ ತಪ್ಪು ಎಂದು ತೋರಿಸಿದ ಮಾಹಿತಿಯನ್ನೇ ಇನ್ನೊಂದು ಜನಾಂಗದ ಲೆಕ್ಕಕ್ಕೆ ಸೇರಿಸಿದ ಹಾಗಾಯಿತು. 1980ರ ದಶಕದಲ್ಲಿ ಡಿಎನ್‌ಎ ನೋಡಿದಾಗ ಭಾರತ ಮತ್ತು ಅರೇಬಿಯಾದ ಸಿಕಲ್ ಜೀನ್ ಸುತ್ತಲಿನ ಗುರುತುಗಳು ಆಫ್ರಿಕಾದ್ದಕ್ಕಿಂತ ಬೇರೆಯೇ ಎಂದು ಕಂಡಿತು.

ನೀಲಗಿರಿ ತಪ್ಪಲು
ಹೌದು, ಆ ವಾದ ನಿಲ್ಲಲಿಲ್ಲ. ರಕ್ತದ ವರದಿ ನಿಂತಿತು. ನನಗೆ ಅದು ಮುಖ್ಯ.

ಎರಡನೇ ಮಗಳು
ನಾನು ಇಲ್ಲಿ ಬರೆಯುವುದು ಕಡಿಮೆ. ನನ್ನ ಅಣ್ಣನಿಗೆ ಈ ಕಾಯಿಲೆ. ಚಿಕ್ಕವನಿದ್ದಾಗ ಕೈಬೆರಳು, ಪಾದ ಊದಿಕೊಂಡು ರಾತ್ರಿಯಿಡೀ ಅಳುತ್ತಿದ್ದ. ಪಟ್ಟಣದ ಒಂದು ಆಸ್ಪತ್ರೆಯಲ್ಲಿ ಕೀಲುವಾತದ ಜ್ವರ ಎಂದು ಹೇಳಿ ಇಪ್ಪತ್ತೊಂದು ದಿನಕ್ಕೊಮ್ಮೆ ಪೆನಿಸಿಲಿನ್ ಚುಚ್ಚುಮದ್ದು ಬರೆದರು. ನಾಲ್ಕು ವರ್ಷ! ಅಮ್ಮ ಅವನನ್ನು ಬೆನ್ನಿಗೆ ಕಟ್ಟಿಕೊಂಡು ಮುಖ್ಯರಸ್ತೆಯವರೆಗೆ ನಡೆದು ಬಸ್ ಹಿಡಿಯುತ್ತಿದ್ದಳು. ಚುಚ್ಚಿದ ಜಾಗ ಗಟ್ಟಿಯಾಗಿ ಕೂರಲು ಆಗುತ್ತಿರಲಿಲ್ಲ. ಕೊನೆಗೆ ಒಂದು ಶಿಬಿರದಲ್ಲಿ ಬೆರಳಿನ ತುದಿಯಿಂದ ರಕ್ತ ತೆಗೆದು ಪರೀಕ್ಷಿಸಿದ ಮೇಲೆ ನಿಜ ಗೊತ್ತಾಯಿತು.

1917ರಲ್ಲಿಯೇ ಒಂದು ಹನಿ, ಒಂದು ಗಾಜು ಸಾಕಿತ್ತು ಎಂದು ಇಲ್ಲಿ ಓದಿದೆ. ಆ ಸಾಲನ್ನು ಮತ್ತೆ ಮತ್ತೆ ಓದುತ್ತಿದ್ದೇನೆ.

ಗಾಜಿನ ಪಟ್ಟಿ
ತಾಯಿ, ನಿಮ್ಮ ಮಾತು ಓದಿ ಮನಸ್ಸು ಕಲಕಿತು. ನಾನು ಕೆಲಸ ಮಾಡುವಾಗಲೂ "ಸಿಕಲ್ ನೋಡಿ" ಎಂದು ಚೀಟಿ ಬರೆದವರು ವಿರಳ. ಬರೆದರೆ ಮಾಡಲು ಕಷ್ಟವೇ ಇರಲಿಲ್ಲ.

ಮಕ್ಕಳ ವಾರ್ಡ್
ಎರಡನೇ ಮಗಳು ಅವರೇ, ನಮ್ಮ ವೃತ್ತಿಯವರ ಪರವಾಗಿ ನನಗೆ ಹೇಳಲು ಸಮಜಾಯಿಷಿ ಇಲ್ಲ. ಬೆರಳು, ಪಾದ ಊದುವುದು ಈ ಕಾಯಿಲೆಯ ಮೊದಲ ಗುರುತುಗಳಲ್ಲಿ ಒಂದು. ಅಣ್ಣ ಈಗ ಹೇಗಿದ್ದಾರೆ? ಹೈಡ್ರಾಕ್ಸಿಯೂರಿಯ ತೆಗೆದುಕೊಳ್ಳುತ್ತಿದ್ದಾರೆಯೇ?

ಎರಡನೇ ಮಗಳು
ತೆಗೆದುಕೊಳ್ಳುತ್ತಿದ್ದಾನೆ ಮೇಡಂ. ಮೂರು ವರ್ಷದಿಂದ. ನೋವು ಬರುವುದು ಬಹಳ ಕಡಿಮೆಯಾಗಿದೆ, ಆಟೋ ಓಡಿಸುತ್ತಾನೆ.

ಮಕ್ಕಳ ವಾರ್ಡ್
ತುಂಬಾ ಸಂತೋಷ. ಆ ಮಾತ್ರೆಯ ಹಿಂದೆಯೂ ಒಂದು ಹಳೆಯ ಹೆಸರಿದೆ, ಗೋಡೆ ಪತ್ರಿಕೆಗೆ ಬೇಕೇ ಬೇಕು. ಜಾನೆಟ್ ವಾಟ್ಸನ್. ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿದ್ದ ಮಕ್ಕಳ ವೈದ್ಯೆ. ಸಿಕಲ್ ಗುಣ ಇರುವ ಹಸುಗೂಸುಗಳ ರಕ್ತದಲ್ಲಿ ಬಾಗಿದ ಕಣ ಬಹಳ ಕಡಿಮೆ, ತಿಂಗಳು ಕಳೆದಂತೆ ಹೆಚ್ಚುತ್ತವೆ ಎಂಬುದನ್ನು 1948ರಲ್ಲಿ ಬರೆದರು. ಹೊಟ್ಟೆಯಲ್ಲಿದ್ದಾಗಿನ ಭ್ರೂಣ ಹಿಮೋಗ್ಲೋಬಿನ್ ಮಗುವನ್ನು ಕಾಯುತ್ತಿದೆ ಎಂದು ಊಹಿಸಿದರು. ಊಹೆ ಸರಿಯಾಗಿತ್ತು. ಹೈಡ್ರಾಕ್ಸಿಯೂರಿಯ ಮಾಡುವುದು ಮುಖ್ಯವಾಗಿ ಅದನ್ನೇ, ಮಲಗಿದ್ದ ಭ್ರೂಣ ಹಿಮೋಗ್ಲೋಬಿನನ್ನು ಮತ್ತೆ ಎಬ್ಬಿಸುತ್ತದೆ. ತೊಟ್ಟಿಲ ಕೂಸನ್ನು ಗಮನವಿಟ್ಟು ನೋಡಿದ ಒಬ್ಬ ಹೆಂಗಸಿನಿಂದ ಈ ದಾರಿ ಶುರುವಾಯಿತು.

ಪದಕೋಶ
ರಸಾಯನ ವಿಜ್ಞಾನಿ ಲೈನಸ್ ಪೌಲಿಂಗ್ ಹೆಸರು ಇನ್ನೂ ಬರಲಿಲ್ಲವಲ್ಲ? ನಾನು ಕಾಲೇಜಿನಲ್ಲಿ ಓದಿದ್ದು ಅವರದೊಂದೇ.

ಮಿಚಿಗನ್ ಮಲೆನಾಡಿಗ
ಬರುತ್ತಿದ್ದೆ ಅಲ್ಲಿಗೇ. 1945ರಲ್ಲಿ ಡೆನ್ವರ್‌ನಿಂದ ಶಿಕಾಗೋಗೆ ಹೋಗುವ ರೈಲಿನಲ್ಲಿ ವಿಲಿಯಂ ಕ್ಯಾಸಲ್ ಎಂಬ ರಕ್ತರೋಗ ತಜ್ಞರು ಪೌಲಿಂಗ್ ಅವರಿಗೆ ಈ ಕಣಗಳ ವಿಷಯ ಹೇಳಿದರು. ಆಮ್ಲಜನಕ ಕಳೆದುಕೊಂಡು ಬಾಗಿದ ಕಣದ ಮೂಲಕ ಧ್ರುವೀಕರಿಸಿದ ಬೆಳಕು ಹಾಯುವಾಗ ಅದು ಹರಳಿನಂತೆ ಹೊಳೆಯುತ್ತದೆ. ಇದನ್ನು 1940ರಲ್ಲಿ ಕಂಡವರು ಇರ್ವಿಂಗ್ ಶೆರ್ಮನ್ ಎಂಬ ವೈದ್ಯ ವಿದ್ಯಾರ್ಥಿ. ನೋಡಿ, ಮತ್ತೆ ಒಬ್ಬ ವಿದ್ಯಾರ್ಥಿ! ಒಳಗಿನ ಅಣುಗಳು ಸಾಲುಗಟ್ಟಿ ನಿಂತರೆ ಮಾತ್ರ ಹಾಗೆ ಹೊಳೆಯಲು ಸಾಧ್ಯ ಎಂದು ಪೌಲಿಂಗ್ ತಕ್ಷಣ ಹಿಡಿದರು, ದೋಷ ಹಿಮೋಗ್ಲೋಬಿನ್ನಿನಲ್ಲಿಯೇ ಇರಬೇಕು ಎಂದುಕೊಂಡರು.

ಆದರೆ ಅದನ್ನು ಸಾಧಿಸಿ ತೋರಿಸಿದ್ದು ಹಾರ್ವೆ ಇಟಾನೊ. ಅವರ ಕಥೆ ಮಕ್ಕಳಿಗೆ ಹೇಳಲೇಬೇಕು. ಕ್ಯಾಲಿಫೋರ್ನಿಯಾದಲ್ಲಿ ಹುಟ್ಟಿದ ಜಪಾನಿ ಮೂಲದ ಹುಡುಗ. 1942ರಲ್ಲಿ ಬರ್ಕ್ಲಿ ವಿಶ್ವವಿದ್ಯಾಲಯದ ಚಿನ್ನದ ಪದಕ ಗೆದ್ದ. ಪದಕ ಕೊಡುವ ದಿನ ಅವನು ಸಭೆಯಲ್ಲಿ ಇರಲಿಲ್ಲ, ಜಪಾನಿ ಮೂಲದವರನ್ನೆಲ್ಲ ಹಿಡಿದು ಕೂಡಿಹಾಕಿದ ಶಿಬಿರದಲ್ಲಿದ್ದ. ಅಲ್ಲಿಂದ ಹೊರಬರಲು ಅನುಮತಿ ಸಿಕ್ಕ ಮೇಲೆ ಸೇಂಟ್ ಲೂಯಿಸ್‌ನಲ್ಲಿ ವೈದ್ಯಕೀಯ ಮುಗಿಸಿ 1946ರಲ್ಲಿ ಪೌಲಿಂಗ್ ಬಳಿಗೆ ಬಂದ. ವಿದ್ಯುತ್ ಕ್ಷೇತ್ರದಲ್ಲಿ ಎರಡು ಹಿಮೋಗ್ಲೋಬಿನ್‌ಗಳನ್ನು ಓಡಿಸಿದರೆ ಒಂದು ಇನ್ನೊಂದಕ್ಕಿಂತ ಬೇರೆಯಾಗಿ ಚಲಿಸಿತು. ವಾಹಕರಲ್ಲಿ, ಅಂದರೆ ಕಾಯಿಲೆ ಇಲ್ಲದೆ ಗುಣವನ್ನು ಮಾತ್ರ ಹೊತ್ತವರಲ್ಲಿ, ಎರಡೂ ಬೆರೆತಿದ್ದವು. 1949ರ ನವೆಂಬರ್‌ನಲ್ಲಿ ಪೌಲಿಂಗ್, ಇಟಾನೊ, ಸಿಂಗರ್, ವೆಲ್ಸ್ ನಾಲ್ವರ ಹೆಸರಿನಲ್ಲಿ ಲೇಖನ ಬಂತು. ಒಂದು ಅಣುವಿನ ದೋಷದಿಂದ ರೋಗ ಬರುತ್ತದೆ ಎಂದು ಜಗತ್ತು ಮೊದಲು ಕಂಡದ್ದು ಅಲ್ಲಿ.

ಅದೇ ವರ್ಷ ಇಲ್ಲಿ ಮಿಚಿಗನ್‌ನಲ್ಲಿ ಜೇಮ್ಸ್ ನೀಲ್, ಉತ್ತರ ರೊಡೇಶಿಯಾದಲ್ಲಿ (ಈಗಿನ ಜಾಂಬಿಯಾ) ಬೀಟ್ ಎಂಬ ವೈದ್ಯ, ಇಬ್ಬರೂ ಬೇರೆ ಬೇರೆಯಾಗಿ 1923ರ ತಪ್ಪನ್ನು ತಿದ್ದಿದರು. ತಂದೆಯಿಂದ ಒಂದು, ತಾಯಿಯಿಂದ ಒಂದು ಬಂದರೆ ರೋಗ. ಒಂದೇ ಬಂದರೆ ವಾಹಕ.

ಅರಳೀಕಟ್ಟೆ
ಪೌಲಿಂಗ್ ಬಗ್ಗೆ ಪೂರ್ತಿ ಹೇಳಿ. 1968ರಲ್ಲಿ ಅವರು, ಈ ಜೀನ್ ಇರುವ ಯುವಜನರ ಹಣೆಯ ಮೇಲೆ ಹಚ್ಚೆ ಹಾಕಬೇಕು, ಆಗ ಇಬ್ಬರು ವಾಹಕರು ಪರಸ್ಪರ ಪ್ರೀತಿಸುವುದು ತಪ್ಪುತ್ತದೆ ಎಂದು ಬರೆದರು. ಎರಡು ನೊಬೆಲ್ ಪಡೆದವರು! ನಾಲ್ಕು ವರ್ಷದ ನಂತರ ಅಮೆರಿಕದಲ್ಲಿ ತಪಾಸಣೆಗೆ ಕಾನೂನು ಬಂದಾಗ, ಯಾವ ಕಾಯಿಲೆಯೂ ಇಲ್ಲದ ವಾಹಕರಿಗೆ ಕೆಲಸ, ವಿಮೆ ನಿರಾಕರಿಸಿದ ಪ್ರಸಂಗಗಳು ನಡೆದವು.

ಪದಕೋಶ
ಹಣೆಯ ಮೇಲೆ ಹಚ್ಚೆಯೇ? ಇದು ನನಗೆ ಗೊತ್ತಿರಲಿಲ್ಲ. ಓದಿ ಬೇಸರವಾಯಿತು.

ಎರಡನೇ ಮಗಳು
ನನಗೂ ವಾಹಕಿ ಎಂಬ ಕಾರ್ಡ್ ಇದೆ. ಮದುವೆ ಮಾತುಕತೆಯಲ್ಲಿ ಅದು ಹೊರಗೆ ಬಂದ ದಿನ ಹೇಗಿತ್ತು ಎಂದು ನನಗೆ ಗೊತ್ತು. ಅದನ್ನು ಇಲ್ಲಿ ಬರೆಯುವುದಿಲ್ಲ.

ಸೋಸಿದ ಮಾತು
ಮಲೇರಿಯದ ಕಥೆ ಬಿಟ್ಟುಹೋಗಬಾರದು. ಇಷ್ಟು ಕೆಟ್ಟ ಜೀನ್ ಅಳಿಯದೆ ಏಕೆ ಉಳಿಯಿತು ಎಂಬುದಕ್ಕೆ ಉತ್ತರ ಅಲ್ಲಿದೆ. ಕೀನ್ಯಾದಲ್ಲಿ ಬೆಳೆದ ಆಂಥನಿ ಆಲಿಸನ್ 1949ರಲ್ಲಿ ಅಲ್ಲಿ ರಕ್ತ ಸಂಗ್ರಹಿಸುವಾಗ ಒಂದು ವಿಚಿತ್ರ ಕಂಡರು. ಕರಾವಳಿಯಲ್ಲಿ, ವಿಕ್ಟೋರಿಯ ಸರೋವರದ ಸುತ್ತ ನೂರಕ್ಕೆ ಇಪ್ಪತ್ತಕ್ಕೂ ಹೆಚ್ಚು ಜನ ವಾಹಕರು, ಎತ್ತರದ ಬೆಟ್ಟದ ಜನರಲ್ಲಿ ನೂರಕ್ಕೆ ಒಬ್ಬರೂ ಇಲ್ಲ. ಸೊಳ್ಳೆ ಎಲ್ಲಿ ಹೆಚ್ಚೋ ಅಲ್ಲಿ ಈ ಗುಣ ಹೆಚ್ಚು. ವಾಹಕರಲ್ಲಿ ಮಲೇರಿಯದ ಪರಾವಲಂಬಿ ಕಡಿಮೆ ಎಂದು ಮೊದಲು ಗಮನಿಸಿದವರು ಬೀಟ್. 1954ರಲ್ಲಿ ಆಲಿಸನ್ ಅದನ್ನು ಗಟ್ಟಿಯಾಗಿ ನಿಲ್ಲಿಸಿದರು.

ಅರಳೀಕಟ್ಟೆ
ಹೇಗೆ ನಿಲ್ಲಿಸಿದರು ಎಂದೂ ಹೇಳಿ. ಲುವೊ ಜನಾಂಗದ ಮೂವತ್ತು ಜನರಿಗೆ ಮಲೇರಿಯವನ್ನು ಬೇಕೆಂದೇ ಹತ್ತಿಸಿದರು. ವಾಹಕರಲ್ಲದ 15 ಜನರಲ್ಲಿ 14 ಜನರಿಗೆ ಮಲೇರಿಯ ಬಂತು, ವಾಹಕರಾದ 15 ಜನರಲ್ಲಿ ಇಬ್ಬರಿಗೆ. ಲೆಕ್ಕ ಚೆನ್ನಾಗಿದೆ. ವಸಾಹತು ಆಳ್ವಿಕೆಯ ಕೀನ್ಯಾದಲ್ಲಿ "ಸ್ವಯಂಸೇವಕ" ಎಂಬ ಮಾತಿಗೆ ಅರ್ಥ ಏನು? ಆ ಮೂವತ್ತು ಜನರ ಹೆಸರು ಎಲ್ಲಿ?

ಸೋಸಿದ ಮಾತು
ಆಮೇಲೆ ಅವರಿಗೆ ಔಷಧ ಕೊಟ್ಟರು. ಅವರು ವಯಸ್ಕರು, ಮಲೇರಿಯ ಇದ್ದ ನಾಡಿನವರು. ಆದರೂ ನಿಮ್ಮ ಪ್ರಶ್ನೆಯನ್ನು ನಾನು ತಳ್ಳಿಹಾಕುವುದಿಲ್ಲ. ಇಂದು ಅಂಥ ಪ್ರಯೋಗಕ್ಕೆ ಎಷ್ಟು ಸಮಿತಿಗಳ ಒಪ್ಪಿಗೆ ಬೇಕು! ನನ್ನ ಮಟ್ಟಿಗೆ ಆಲಿಸನ್ ಮಕ್ಕಳ ರಕ್ತದಲ್ಲಿ ಪರಾವಲಂಬಿಗಳನ್ನು ಎಣಿಸಿದ ಕೆಲಸವೇ ಹೆಚ್ಚು ತೂಕದ್ದು, ಏಕೆಂದರೆ ಮಲೇರಿಯ ಕೊಲ್ಲುವುದು ಹೆಚ್ಚಾಗಿ ಚಿಕ್ಕ ಮಕ್ಕಳನ್ನು.

ನೀಲಗಿರಿ ತಪ್ಪಲು
ವಯನಾಡು, ನೀಲಗಿರಿಯ ಕೆಳಗಿನ ಕಾಡು ಮಲೇರಿಯಕ್ಕೆ ಹೆಸರಾಗಿತ್ತು. ಬಯಲಿನಿಂದ ಕೆಲಸಕ್ಕೆ ಬಂದವರು ಜ್ವರದಿಂದ ಸಾಯುತ್ತಿದ್ದರು, ಕಾಡಿನವರು ಉಳಿದುಕೊಳ್ಳುತ್ತಿದ್ದರು ಎಂದು ನಮ್ಮ ಅಜ್ಜಿ ಹೇಳುತ್ತಿದ್ದಳು. "ಅವರ ರಕ್ತವೇ ಬೇರೆ" ಎನ್ನುತ್ತಿದ್ದಳು. ಅದರ ಬೆಲೆ ಏನು ಎಂದು ಅವಳಿಗೆ ಗೊತ್ತಿರಲಿಲ್ಲ.

ಗಾಜಿನ ಪಟ್ಟಿ
ಕೊನೆಯ ಕೊಂಡಿ ಇಂಗ್ರಾಮ್. ಕೇಂಬ್ರಿಜ್‌ನ ವರ್ನನ್ ಇಂಗ್ರಾಮ್ 1956ರಲ್ಲಿ ಸಿಕಲ್ ಹಿಮೋಗ್ಲೋಬಿನ್ನನ್ನು ಕಿಣ್ವದಿಂದ ತುಂಡರಿಸಿ, ತುಂಡುಗಳನ್ನು ಒದ್ದೆ ಕಾಗದದ ಮೇಲೆ ಒಂದು ಸಲ ವಿದ್ಯುತ್ತಿನಿಂದ, ಇನ್ನೊಂದು ಸಲ ಅಡ್ಡಡ್ಡಲಾಗಿ ದ್ರಾವಕದಿಂದ ಓಡಿಸಿದರು. ಬಣ್ಣ ಹಚ್ಚಿದರೆ ಕಾಗದದ ಮೇಲೆ ಮೂವತ್ತರಷ್ಟು ಚುಕ್ಕೆಗಳು, ರಂಗೋಲಿಗೆ ಇಟ್ಟ ಚುಕ್ಕೆಗಳಂತೆ. ಆರೋಗ್ಯವಂತರ ಕಾಗದ, ರೋಗಿಯ ಕಾಗದ ಪಕ್ಕಪಕ್ಕ ಇಟ್ಟರೆ ಒಂದೇ ಒಂದು ಚುಕ್ಕೆ ಜಾಗ ಬದಲಿಸಿತ್ತು. ಮರುವರ್ಷ ಅದರೊಳಗೆ ಗ್ಲುಟಾಮಿಕ್ ಆಮ್ಲ ಇರಬೇಕಾದಲ್ಲಿ ವ್ಯಾಲಿನ್ ಇದೆ ಎಂದು ತೋರಿಸಿದರು. ಹಿಮೋಗ್ಲೋಬಿನ್ನಿನ ಬೀಟಾ ಎಂಬ ಸರಪಳಿಯ 146 ಅಮೈನೋ ಆಮ್ಲದ ಮಣಿಗಳಲ್ಲಿ ಆರನೆಯದು. ಅವರಿಗೆ ಸಿಕ್ಕ ಆ ರಕ್ತವನ್ನು ಕೇಂಬ್ರಿಜ್‌ಗೆ ತಂದು ಕೊಟ್ಟಿದ್ದವರು ಇದೇ ಆಲಿಸನ್.

ಮೇಡಂ, ನಿಮ್ಮ ಶಾಲೆಯಲ್ಲಿ ಸೂಕ್ಷ್ಮದರ್ಶಕ ಇದೆಯೇ? ನಾನು ಮೈಸೂರಿನಲ್ಲಿದ್ದೇನೆ, ಬುಧವಾರ ಬರಬಲ್ಲೆ. ಎಮ್ಮೆಲ್ ಮಾಡಿದ ಹನಿಯ ಪರೀಕ್ಷೆಯನ್ನು ಮಕ್ಕಳ ಮುಂದೆಯೇ ಮಾಡಿ ತೋರಿಸುತ್ತೇನೆ.

ಮಕ್ಕಳ ವಾರ್ಡ್
ದಯವಿಟ್ಟು ತರಗತಿಯಲ್ಲಿ ಮಕ್ಕಳ ರಕ್ತ ತೆಗೆಯಬೇಡಿ ಸರ್. ಯಾರ ಕಣ ಬಾಗುತ್ತದೆ ಎಂಬುದು ಇಡೀ ಶಾಲೆಗೆ ಗೊತ್ತಾಗುತ್ತದೆ. ಈಗ ತಾನೆ ಹಚ್ಚೆಯ ವಿಷಯ ಓದಿದೆವು. ಪರೀಕ್ಷೆ ಬೇಕಾದರೆ ಆರೋಗ್ಯ ಕೇಂದ್ರದಲ್ಲಿ, ತಂದೆ ತಾಯಿಯ ಒಪ್ಪಿಗೆಯಿಂದ, ಗುಟ್ಟಾಗಿ ಆಗಲಿ. 2023ರಿಂದ ಕೇಂದ್ರದ ಸಿಕಲ್ ಸೆಲ್ ನಿರ್ಮೂಲನಾ ಕಾರ್ಯಕ್ರಮದಲ್ಲಿ ನಲವತ್ತು ವರ್ಷದವರೆಗಿನವರ ತಪಾಸಣೆ ನಡೆಯುತ್ತಿದೆ.

ಗಾಜಿನ ಪಟ್ಟಿ
ನೀವು ಹೇಳಿದ್ದು ಸರಿ ಡಾಕ್ಟರೇ, ನನಗೆ ಹೊಳೆಯಲಿಲ್ಲ. ನನ್ನ ಬಳಿ ಬಣ್ಣ ಹಾಕಿದ ಹಳೆಯ ಗಾಜಿನ ಪಟ್ಟಿಗಳಿವೆ, ಇಪ್ಪತ್ತು ವರ್ಷದ ಹಿಂದಿನವು. ಹೆಸರಿಲ್ಲ, ಊರಿಲ್ಲ. ಅವನ್ನೇ ತರುತ್ತೇನೆ.

ಕಬಿನಿ ಹಿನ್ನೀರು
ಸೂಕ್ಷ್ಮದರ್ಶಕ ಒಂದಿದೆ ಸರ್, ಕನ್ನಡಿ ಸ್ವಲ್ಪ ಮಸುಕಾಗಿದೆ. ಬುಧವಾರ ಖಂಡಿತ ಬನ್ನಿ, ಊಟ ನಮ್ಮಲ್ಲೇ.

ಇವತ್ತು ಎಲ್ಲವನ್ನೂ ಮಕ್ಕಳಿಗೆ ಓದಿ ಹೇಳಿದೆ. ಮೊದಲ ಸಾಲು ಬದಲಾಗಿದೆ: "1904ರ ಡಿಸೆಂಬರ್‌ನಲ್ಲಿ ಗ್ರೆನಡಾದ ವಾಲ್ಟರ್ ಕ್ಲೆಮೆಂಟ್ ನೋಯೆಲ್ ಅವರ ರಕ್ತದಲ್ಲಿ ಅರ್ನೆಸ್ಟ್ ಐರನ್ಸ್ ಬಾಗಿದ ಕಣಗಳನ್ನು ಕಂಡರು. 1910ರಲ್ಲಿ ಜೇಮ್ಸ್ ಹೆರಿಕ್ ಅದನ್ನು ಬರೆದರು." ಕೆಳಗೆ ವಾಟ್ಸನ್, ಇಟಾನೊ, ನೀಲಗಿರಿ. ಪ್ರಶ್ನೆ ಕೇಳಿದ ಹುಡುಗಿ ಇನ್ನೊಂದನ್ನು ಕೇಳಿದ್ದಾಳೆ, ನೋಯೆಲ್ ಅವರ ದ್ವೀಪಕ್ಕೆ ಇಲ್ಲಿಂದ ಪತ್ರ ಬರೆದರೆ ತಲುಪುತ್ತದೆಯೇ ಎಂದು.

ಮಿಚಿಗನ್ ಮಲೆನಾಡಿಗ
ತಲುಪುತ್ತದೆ. ಬರೆಯಲು ಹೇಳಿ. ಇಂಗ್ಲಿಷಿಗೆ ನಾನು ಅನುವಾದ ಮಾಡಿಕೊಡುತ್ತೇನೆ, ಆದರೆ ಅವಳ ಕನ್ನಡದ ಕಾಗದವನ್ನೂ ಜೊತೆಗೇ ಇಡೋಣ.